ಸೋರಿಯಾಸಿಸ್: ಅಂಟುವ ರೋಗವಲ್ಲ, ಅಂಜುವ ರೋಗವೂ ಅಲ್ಲ

(ಉಚಿತ ಚರ್ಮರೋಗ ತಪಾಸಣಾ ಶಿಬಿರದಲ್ಲಿ ರೋಗಿಗಳು ಮತ್ತು ಅವರ ಮನೆಯವರನ್ನು ಉದ್ದೇಶಿಸಿ ಚರ್ಮರೋಗ ತಜ್ಞರು ಮಾಡಿದ ಭಾಷಣದ ಬರಹರೂಪ)

 

ಇವತ್ತಿನ ಶಿಬಿರಕ್ಕೆ ರೋಗಿಗಳ ಜೊತೆಗೆ ಮನೆಯವರೂ ಬರಬೇಕು ಎಂದು ನಾವು ಒತ್ತಾಯ ಮಾಡಿ ತಿಳಿಸಿದ್ದೆವು. ಅದಕ್ಕೆ ಕಾರಣವಿದೆ. ಸೋರಿಯಾಸಿಸ್ ಎಂಬ ಈ ಕಾಯಿಲೆ ಬರುವುದು ಒಬ್ಬರ ಚರ್ಮಕ್ಕೆ. ಆದರೆ ಆ ಒಬ್ಬರು ನೆಮ್ಮದಿಯಿಂದ ಇರುತ್ತಾರೋ ಇಲ್ಲವೋ ಎಂಬುದು ಸುತ್ತಲಿನವರ ತಿಳಿವಳಿಕೆಯ ಮೇಲೆ ನಿಂತಿದೆ. ಆದ್ದರಿಂದ ಮೊದಲೇ ಮೂರು ಮಾತು ಹೇಳಿಬಿಡುತ್ತೇನೆ. ಮಿಕ್ಕಿದ್ದು ಮರೆತರೂ ಇವು ಮೂರನ್ನು ಮರೆಯಬೇಡಿ.

ಒಂದು, ಸೋರಿಯಾಸಿಸ್ ಅಂಟುರೋಗವಲ್ಲ. ಮುಟ್ಟಿದರೆ, ಜೊತೆಯಲ್ಲಿ ಉಂಡರೆ, ಒಂದೇ ಹಾಸಿಗೆಯಲ್ಲಿ ಮಲಗಿದರೆ, ಗಂಡಹೆಂಡತಿ ಸಂಸಾರ ಮಾಡಿದರೆ, ಯಾವುದರಿಂದಲೂ ಬರುವುದಿಲ್ಲ.

ಎರಡು, ಇದನ್ನು ಒಂದೇ ಸಲಕ್ಕೆ ಬೇರುಸಹಿತ ಕಿತ್ತುಹಾಕುವ ಔಷಧಿ ಇವತ್ತಿಗೂ ಜಗತ್ತಿನಲ್ಲಿ ಎಲ್ಲಿಯೂ ಇಲ್ಲ. ಇದೆ ಎಂದು ಹೇಳಿ ಹಣ ಕೇಳುವವರನ್ನು ನಂಬಬೇಡಿ.

ಮೂರು, ಬೇರು ಕೀಳಲು ಆಗದಿದ್ದರೂ ಹಿಡಿತದಲ್ಲಿ ಇಟ್ಟುಕೊಳ್ಳಬಹುದು. ಬಿ.ಪಿ. ಇರುವವರು, ಸಕ್ಕರೆ ಕಾಯಿಲೆ ಇರುವವರು ಔಷಧಿ, ಪಥ್ಯ ಮಾಡಿಕೊಂಡು ಎಲ್ಲರಂತೆ ಬಾಳುವುದಿಲ್ಲವೇ? ಹಾಗೆಯೇ ಇದೂ.

ಏನಿದು ಸೋರಿಯಾಸಿಸ್?

ನಮ್ಮ ಚರ್ಮ ಸದಾ ಹೊಸದಾಗುತ್ತಲೇ ಇರುತ್ತದೆ. ಚರ್ಮದ ತಳದಲ್ಲಿ ಹುಟ್ಟಿದ ಒಂದು ಜೀವಕೋಶ ನಿಧಾನವಾಗಿ ಮೇಲಕ್ಕೆ ಬಂದು, ಬಲಿತು, ಒಣಗಿ ಉದುರಿಹೋಗಲು ಸುಮಾರು 28 ದಿನ ಬೇಕು. ಸ್ನಾನದಲ್ಲಿ ಮೈ ಉಜ್ಜಿದಾಗ ಹೋಗುವ ಕೊಳೆಯಲ್ಲಿ ಈ ಹಳೆಯ ಕೋಶಗಳೂ ಇರುತ್ತವೆ. ಸೋರಿಯಾಸಿಸ್ ಇರುವ ಜಾಗದಲ್ಲಿ ಈ ಕೆಲಸ 3ರಿಂದ 5 ದಿನಗಳಲ್ಲಿ ಮುಗಿಯುತ್ತದೆ. ಕೋಶಗಳಿಗೆ ಬಲಿಯಲು ಸಮಯವೇ ಸಿಗುವುದಿಲ್ಲ, ಉದುರಲು ಪುರಸೊತ್ತೂ ಇರುವುದಿಲ್ಲ. ಗೂಡಿನಲ್ಲಿ ಸುಡದ ಹಸಿ ಇಟ್ಟಿಗೆಯನ್ನು ಒಂದರ ಮೇಲೊಂದು ಒಟ್ಟುತ್ತಾ ಹೋದಂತೆ ಅವು ಚರ್ಮದ ಮೇಲೆ ಪದರ ಪದರವಾಗಿ ಕೂಡಿಕೊಳ್ಳುತ್ತವೆ. ಅದೇ ನೀವು ನೋಡುವ ಬಿಳಿಯ ಹೊಟ್ಟು.

ಹೀಗೇಕೆ ಆಗುತ್ತದೆ? ದೇಹಕ್ಕೆ ಹೊರಗಿನಿಂದ ಬರುವ ರೋಗಾಣುಗಳ ಜೊತೆ ಹೋರಾಡಲು ನಮ್ಮ ರಕ್ತದಲ್ಲಿ ಕಾವಲು ಕೋಶಗಳಿವೆ. ಸೋರಿಯಾಸಿಸ್‌ನಲ್ಲಿ ಈ ಕಾವಲಿನವರು ತಪ್ಪು ತಿಳಿದು, ತಮ್ಮದೇ ಚರ್ಮದ ಮೇಲೆ ಎಗರಾಡುತ್ತಾರೆ. ತೋಟ ಕಾಯಲು ಸಾಕಿದ ನಾಯಿ ಮನೆಯವರ ಮೇಲೆಯೇ ಬಿದ್ದ ಹಾಗೆ. ಅಲ್ಲಿ ಉರಿಯೂತ ಹುಟ್ಟಿ, ಚರ್ಮ ಅವಸರದಲ್ಲಿ ಬೆಳೆಯತೊಡಗುತ್ತದೆ. ಇದರಲ್ಲಿ ಕ್ರಿಮಿ ಇಲ್ಲ, ಹುಳು ಇಲ್ಲ, ಕೊಳಕು ಇಲ್ಲ. 'ರಕ್ತ ಕೆಟ್ಟಿದೆ' ಎನ್ನುವ ಮಾತಿನಲ್ಲಿಯೂ ಹುರುಳಿಲ್ಲ.

ಗುರುತಿಸುವುದು ಹೇಗೆ?

ಸಾಮಾನ್ಯವಾಗಿ ಮೊಣಕೈ, ಮೊಣಕಾಲು, ಸೊಂಟದ ಹಿಂಭಾಗ ಮತ್ತು ತಲೆಯಲ್ಲಿ ಇದು ಮೊದಲು ಕಾಣಿಸುತ್ತದೆ. ಅಂಚು ಸ್ಪಷ್ಟವಾಗಿರುವ, ದಪ್ಪನೆಯ, ಕೆಂಪು ಮಚ್ಚೆಗಳು. ಮೇಲೆ ಬೆಳ್ಳಿಯಂಥ ಹೊಟ್ಟು. ನಮ್ಮಂಥ ಕಂದು ಬಣ್ಣದ ಮೈಯಲ್ಲಿ ಕೆಂಪು ಎದ್ದು ಕಾಣುವುದಿಲ್ಲ, ಕಂದಾಗಿಯೋ ನೇರಳೆಯಾಗಿಯೋ ಕಾಣುತ್ತದೆ. ಹೊಟ್ಟನ್ನು ಕೆರೆದು ತೆಗೆದರೆ ಸೂಜಿಮೊನೆಯಷ್ಟು ರಕ್ತದ ಚುಕ್ಕೆಗಳು ಮೂಡುತ್ತವೆ. ಕೆಲವರಿಗೆ ತುರಿಕೆ ಹೆಚ್ಚು, ಕೆಲವರಿಗೆ ಕಡಿಮೆ.

ತಲೆಯಲ್ಲಿ ಬಂದಾಗ ಅನೇಕರು ಬರೀ ತಲೆಹೊಟ್ಟು ಎಂದುಕೊಂಡು ವರ್ಷಗಟ್ಟಲೆ ಶಾಂಪೂ ಬದಲಾಯಿಸುತ್ತಾ ಇರುತ್ತಾರೆ. ಹೊಟ್ಟು ದಪ್ಪವಾಗಿದ್ದು, ಕೂದಲಿನ ಅಂಚು ದಾಟಿ ಹಣೆ, ಕಿವಿಯ ಹಿಂದೆ ಬಂದಿದ್ದರೆ ತೋರಿಸಿಕೊಳ್ಳಬೇಕು. ತೊಡೆಸಂದು, ಕಂಕುಳಲ್ಲಿ ಬಂದರೆ ಹೊಟ್ಟು ಇರುವುದಿಲ್ಲ, ಕೆಂಪಗೆ ನುಣುಪಾಗಿರುತ್ತದೆ. ಅದನ್ನು ಹುಳುಕಡ್ಡಿ ಎಂದು ತಿಳಿದು ಬೇರೆ ಮುಲಾಮು ಹಚ್ಚುವುದುಂಟು. ಅಂಗೈ ಅಂಗಾಲಿನಲ್ಲಿ ಬಂದರೆ ಚರ್ಮ ದಪ್ಪವಾಗಿ ಬಿರುಕು ಬಿಡುತ್ತದೆ. ಪಾತ್ರೆ ತೊಳೆಯುವ ತಾಯಂದಿರು, ಸಿಮೆಂಟು ಕಲಸುವ ಗಾರೆ ಕೆಲಸದವರು ಇದರಿಂದ ಬಹಳ ಕಷ್ಟಪಡುತ್ತಾರೆ. ಉಗುರಿನಲ್ಲಿ ಗುಂಡುಸೂಜಿಯಿಂದ ಚುಚ್ಚಿದಂತೆ ಸಣ್ಣ ಕುಳಿಗಳು ಬೀಳಬಹುದು, ಉಗುರು ಬುಡದಿಂದ ಬಿಟ್ಟುಕೊಳ್ಳಬಹುದು.

ಇನ್ನೊಂದು ಮುಖ್ಯ ವಿಷಯ ಕೀಲುನೋವು. ಸೋರಿಯಾಸಿಸ್ ಇರುವ 100 ಜನರಲ್ಲಿ ಸುಮಾರು 20ರಿಂದ 30 ಜನರಿಗೆ ಒಂದಲ್ಲ ಒಂದು ಕಾಲಕ್ಕೆ ಕೀಲುಗಳೂ ಊದಿಕೊಳ್ಳುತ್ತವೆ. ಬೆಳಗ್ಗೆ ಎದ್ದಾಗ ಬೆರಳು ಮಡಚಲು ಬಾರದಿದ್ದರೆ, ಒಂದು ಬೆರಳು ಇಡಿಯಾಗಿ ಊದಿದರೆ, ಹಿಮ್ಮಡಿ ಅಥವಾ ಸೊಂಟ ಬೆಳಗಿನ ಹೊತ್ತು ಹಿಡಿದುಕೊಂಡಂತಾದರೆ, ವಯಸ್ಸಾಯಿತು ಎಂದು ಸುಮ್ಮನಿರಬೇಡಿ. ಚರ್ಮ ವಾಸಿಯಾಗಿ ಮೊದಲಿನಂತಾಗುತ್ತದೆ. ಕೀಲು ಒಮ್ಮೆ ಸವೆದು ಸೊಟ್ಟಗಾದರೆ ಮತ್ತೆ ನೇರವಾಗುವುದಿಲ್ಲ. ಆದ್ದರಿಂದ ಕೀಲುನೋವನ್ನು ಚರ್ಮದ ವೈದ್ಯರಿಗೂ ಹೇಳಲೇಬೇಕು.

ಇದು ಕುಷ್ಠವಲ್ಲ

ಹಿಂದಿನ ಕಾಲದಲ್ಲಿ ಹೊಟ್ಟು ಉದುರುವ ಚರ್ಮರೋಗಗಳನ್ನೆಲ್ಲ ಒಂದೇ ಹೆಸರಿನಲ್ಲಿ ಕರೆದು, ರೋಗಿಯನ್ನು ಊರಾಚೆ ಇಡುವುದು ಅನೇಕ ದೇಶಗಳಲ್ಲಿ ನಡೆದುಬಂತು. 1841ರಲ್ಲಿ ವಿಯೆನ್ನಾ ನಗರದ ವೈದ್ಯ ಫರ್ಡಿನಾಂಡ್ ಹೆಬ್ರಾ ಅವರು ಸೋರಿಯಾಸಿಸ್ ಬೇರೆ, ಕುಷ್ಠ ಬೇರೆ ಎಂದು ಖಚಿತವಾಗಿ ಬಿಡಿಸಿ ಹೇಳಿದರು. 1873ರಲ್ಲಿ ನಾರ್ವೆ ದೇಶದ ಹ್ಯಾನ್ಸನ್ ಅವರು ಕುಷ್ಠಕ್ಕೆ ಕಾರಣವಾದ ರೋಗಾಣುವನ್ನು ಕಂಡುಹಿಡಿದರು. ಸೋರಿಯಾಸಿಸ್‌ನಲ್ಲಿ ಅಂಥ ಯಾವ ರೋಗಾಣುವೂ ಇಲ್ಲ. ಕುಷ್ಠದ ಮಚ್ಚೆಯಲ್ಲಿ ಸ್ಪರ್ಶ ತಿಳಿಯುವುದಿಲ್ಲ, ಸೋರಿಯಾಸಿಸ್ ಮಚ್ಚೆಯಲ್ಲಿ ಸ್ಪರ್ಶ, ತುರಿಕೆ ಎಲ್ಲವೂ ತಿಳಿಯುತ್ತದೆ. ಈಗ ಕುಷ್ಠವೂ ಔಷಧಿಯಿಂದ ಪೂರ್ತಿ ಗುಣವಾಗುವ ರೋಗ. ಆ ರೋಗಿಗಳನ್ನು ದೂರ ಇಡುವುದೂ ತಪ್ಪೇ.

ವೈದ್ಯಶಾಸ್ತ್ರ ಇವೆರಡನ್ನು ಬೇರೆ ಮಾಡಿ 180 ವರ್ಷ ದಾಟಿದೆ. ನಮ್ಮ ಮನಸ್ಸಿನಲ್ಲಿ ಮಾತ್ರ ಇನ್ನೂ ಬೇರೆಯಾಗಿಲ್ಲ. ಬೇಸಿಗೆಯ ಸೆಕೆಯಲ್ಲೂ ತುಂಬುತೋಳಿನ ಅಂಗಿ ತೊಟ್ಟು ಬರುವವರಿದ್ದಾರೆ. ತಟ್ಟೆ, ಲೋಟ, ಚಾಪೆ ಬೇರೆ ಮಾಡಿಸಿಕೊಂಡವರಿದ್ದಾರೆ. ತಂಗಿಯ ಮದುವೆಗೆ ಅಡ್ಡಿಯಾದೀತು ಎಂದು ಅಕ್ಕನನ್ನು ನೆಂಟರ ಮುಂದೆ ಬರಗೊಡದ ಮನೆಗಳಿವೆ. ಇದೆಲ್ಲ ರೋಗ ಕೊಟ್ಟ ನೋವಲ್ಲ, ನಾವು ಕೊಟ್ಟ ನೋವು.

2014ರ ಮೇ ತಿಂಗಳಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ರಾಷ್ಟ್ರಗಳು ಸೋರಿಯಾಸಿಸ್ ಬಗ್ಗೆಯೇ ಒಂದು ನಿರ್ಣಯ ಮಾಡಿದವು. ಇದು ದೀರ್ಘಕಾಲದ, ಅಂಟದ ರೋಗ ಎಂದು ಅದರಲ್ಲಿ ಸ್ಪಷ್ಟವಾಗಿ ಹೇಳಿ, ರೋಗಿಗಳನ್ನು ಕೀಳಾಗಿ ಕಾಣುವುದರ ವಿರುದ್ಧ ಜನರಲ್ಲಿ ತಿಳಿವಳಿಕೆ ಮೂಡಿಸಬೇಕೆಂದು ಕರೆಕೊಟ್ಟವು. 2016ರಲ್ಲಿ ಅದೇ ಸಂಸ್ಥೆ ಹೊರತಂದ ವರದಿಯ ಪ್ರಕಾರ ಜಗತ್ತಿನಲ್ಲಿ ಕನಿಷ್ಠ 10 ಕೋಟಿ ಜನರಿಗೆ ಈ ಕಾಯಿಲೆ ಇದೆ. ನೀವು ಒಂಟಿಯಲ್ಲ.

ಯಾರಿಗೆ ಬರುತ್ತದೆ? ಯಾವಾಗ ಕೆರಳುತ್ತದೆ?

ಗಂಡಸು ಹೆಂಗಸು, ಬಡವ ಬಲ್ಲಿದ ಎಂಬ ಭೇದ ಇದಕ್ಕಿಲ್ಲ. ಯಾವ ವಯಸ್ಸಿನಲ್ಲಾದರೂ ಬರಬಹುದು. ವಂಶದಲ್ಲಿ ಇದ್ದರೆ ಬರುವ ಸಂಭವ ಸ್ವಲ್ಪ ಹೆಚ್ಚು. ಆದರೆ ವಂಶದಿಂದ ಬರುವುದು ಒಲವು ಮಾತ್ರ. ಬೀಜ ಇದ್ದರೂ ಮಳೆ ಬಿದ್ದರೆ ತಾನೇ ಮೊಳಕೆ? ಹಾಗೆ ಮೊಳಕೆ ಬರಿಸುವ, ಇದ್ದ ರೋಗವನ್ನು ಕೆರಳಿಸುವ ಸಂಗತಿಗಳು ಇವು:

ಗಂಟಲು ಸೋಂಕು. ಮಕ್ಕಳಿಗೆ, ಹರೆಯದವರಿಗೆ ಗಂಟಲು ನೋವು ಬಂದು ಒಂದೆರಡು ವಾರಕ್ಕೆ ಮೈತುಂಬ ಮಳೆಹನಿಯಂತೆ ಸಣ್ಣ ಸಣ್ಣ ಮಚ್ಚೆಗಳು ಏಳಬಹುದು.

ಚರ್ಮಕ್ಕೆ ಆಗುವ ಪೆಟ್ಟು. ತರಚಿದ, ಸುಟ್ಟ, ಒತ್ತಿದ ಜಾಗದಲ್ಲಿಯೇ ಹೊಸ ಮಚ್ಚೆ ಏಳುತ್ತದೆ. ಬಿಗಿಯಾದ ಉಡಿದಾರ, ಲಂಗದ ಲಾಡಿ, ಹಚ್ಚೆ, ಕಲ್ಲಿನಿಂದ ಮೈ ತಿಕ್ಕುವುದು, ಉಗುರಿನಿಂದ ಹೊಟ್ಟು ಕೀಳುವುದು, ಎಲ್ಲವೂ ಇದಕ್ಕೆ ದಾರಿ.

ಮನಸ್ಸಿನ ಒತ್ತಡ. ಬೆಳೆ ಹೋದ ವರ್ಷ, ಸಾಲ, ಮನೆಯಲ್ಲಿ ಸಾವು, ಪರೀಕ್ಷೆ. ಇಂಥ ಹೊತ್ತಿನಲ್ಲಿ ರೋಗ ಎದ್ದಿತು ಎಂದು ಹಲವರು ತಾವಾಗಿಯೇ ಹೇಳುತ್ತಾರೆ.

ಬೀಡಿ, ಸಿಗರೇಟು, ಮದ್ಯ. ಇವು ರೋಗವನ್ನೂ ಹೆಚ್ಚಿಸುತ್ತವೆ, ಔಷಧಿಯ ದುಷ್ಪರಿಣಾಮವನ್ನೂ ಹೆಚ್ಚಿಸುತ್ತವೆ.

ಕೆಲವು ಮಾತ್ರೆಗಳು. ಬಿ.ಪಿ. ಮತ್ತು ಹೃದಯಕ್ಕೆ ಕೊಡುವ ಬೀಟಾ ಬ್ಲಾಕರ್ ಗುಂಪಿನ ಮಾತ್ರೆ, ಮಾನಸಿಕ ಕಾಯಿಲೆಗೆ ಕೊಡುವ ಲಿಥಿಯಂ, ಮಲೇರಿಯಾಕ್ಕೆ ಕೊಡುವ ಕ್ಲೋರೋಕ್ವಿನ್ ಕೆಲವರಲ್ಲಿ ಇದನ್ನು ಕೆರಳಿಸಬಹುದು. ಹಾಗೆಂದು ನೀವಾಗಿಯೇ ಅವನ್ನು ನಿಲ್ಲಿಸಬೇಡಿ. ವೈದ್ಯರಿಗೆ ತೋರಿಸಿ, ಬದಲಿ ಇದ್ದರೆ ಅವರೇ ಕೊಡುತ್ತಾರೆ.

ಚಳಿ. ದೀಪಾವಳಿಯಿಂದ ಶಿವರಾತ್ರಿಯವರೆಗೆ ಒಣಗಾಳಿಗೆ ಚರ್ಮ ಬಿರಿದು ಹೆಚ್ಚಿನವರಿಗೆ ತೊಂದರೆ ಜಾಸ್ತಿ.

ಹೊಟ್ಟು ಉದುರುವುದನ್ನು ಹಾವಿನ ಪೊರೆಗೆ ಹೋಲಿಸಿ, ಇದು ನಾಗದೋಷ, ಹಿಂದಿನ ಜನ್ಮದ ಪಾಪ ಎನ್ನುವವರಿದ್ದಾರೆ. ಕಾಯಿಲೆ ಯಾರ ಪಾಪದ ಫಲವೂ ಅಲ್ಲ. ನಿಮ್ಮ ಮನಸ್ಸಿನ ಸಮಾಧಾನಕ್ಕೆ ಪೂಜೆ ಮಾಡಿಸಿದರೆ ನಾವು ಬೇಡವೆನ್ನುವುದಿಲ್ಲ. ಆದರೆ ಹರಕೆಯ ಹೆಸರಿನಲ್ಲಿ ಔಷಧಿ ನಿಲ್ಲಿಸಬೇಡಿ, ರೋಗಿಯನ್ನು ಪಾಪಿಯೆಂದು ನೋಡಬೇಡಿ.

ಅಂಗಡಿ ಮುಲಾಮು, ಹೆಸರಿಲ್ಲದ ಪುಡಿ

ಈ ಭಾಗವನ್ನು ದಯವಿಟ್ಟು ಗಮನವಿಟ್ಟು ಕೇಳಿ. ರೋಗಕ್ಕಿಂತ ಹೆಚ್ಚು ಹಾನಿ ಇಲ್ಲಿಯೇ ಆಗುತ್ತಿದೆ.

ಔಷಧಿ ಅಂಗಡಿಗೆ ಹೋಗಿ 'ತುರಿಕೆಗೆ ಒಂದು ಟ್ಯೂಬ್ ಕೊಡಿ' ಎಂದರೆ ಬಹಳ ಕಡೆ ಸಿಗುವುದು ಸ್ಟೀರಾಯ್ಡ್ ಬೆರೆತ ಮುಲಾಮು. ಹಚ್ಚಿದ ನಾಲ್ಕು ದಿನಕ್ಕೆ ಮಾಯಾಜಾಲದಂತೆ ಮಚ್ಚೆ ಇಳಿಯುತ್ತದೆ. ಬಿಟ್ಟರೆ ಮತ್ತೆ ಏಳುತ್ತದೆ, ಮತ್ತೆ ಹಚ್ಚುತ್ತಾರೆ. ಹೀಗೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಈರುಳ್ಳಿ ಸಿಪ್ಪೆಯಂತೆ ತೆಳುವಾಗುತ್ತದೆ, ರಕ್ತನಾಳ ಕಾಣುತ್ತದೆ, ತೊಡೆ ಕಂಕುಳಲ್ಲಿ ಬಸುರಿಯ ಹೊಟ್ಟೆಯ ಮೇಲಿರುವಂಥ ಗೆರೆ ಬೀಳುತ್ತದೆ. ಆ ಗೆರೆ ಮತ್ತೆ ಹೋಗುವುದಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದು ಎಂದು ನಿಯಮ ಬಿಗಿ ಮಾಡಿತು. ನಿಯಮ ಇದ್ದರೆ ಸಾಲದು, ಕೊಳ್ಳುವ ನಾವೂ ಕೇಳದೇ ಇರಬೇಕು.

ಸ್ಟೀರಾಯ್ಡ್ ಮುಲಾಮು ವಿಷವಲ್ಲ. ವೈದ್ಯರು ಜಾಗ ನೋಡಿ, ಬಲ ನೋಡಿ, ಇಷ್ಟು ದಿನ ಎಂದು ಬರೆದುಕೊಟ್ಟರೆ ಅದು ಒಳ್ಳೆಯ ಔಷಧಿ. ಅಳತೆ ಮೀರಿದರೆ ಕೆಡುಕು.

ಅದಕ್ಕಿಂತ ದೊಡ್ಡ ಅಪಾಯ ಸ್ಟೀರಾಯ್ಡ್ ಮಾತ್ರೆ ಮತ್ತು ಇಂಜೆಕ್ಷನ್. ಸೋರಿಯಾಸಿಸ್ ರೋಗಿ ಇವನ್ನು ತೆಗೆದುಕೊಂಡು ಥಟ್ಟನೆ ನಿಲ್ಲಿಸಿದರೆ ರೋಗ ಎರಡರಷ್ಟಾಗಿ ತಿರುಗಿಬೀಳಬಹುದು. ಅಡಿಯಿಂದ ಮುಡಿಯವರೆಗೆ ಮೈ ಕೆಂಪಾಗಿ ಸುಲಿಯುವ, ಮೈತುಂಬ ಕೀವುಗುಳ್ಳೆ ಏಳುವ ಸ್ಥಿತಿ ಬರಬಹುದು. ಅದು ಪ್ರಾಣಕ್ಕೇ ಅಪಾಯ. ಸಂತೆಯಲ್ಲಿ, ಜಾತ್ರೆಯಲ್ಲಿ, ಟಿ.ವಿ. ಜಾಹೀರಾತು ನೋಡಿ ತರಿಸುವ ಹೆಸರಿಲ್ಲದ ಪುಡಿ, ಗುಳಿಗೆಗಳಲ್ಲಿ ಕೆಲವೊಮ್ಮೆ ಹೇಳದೇ ಸ್ಟೀರಾಯ್ಡ್ ಬೆರೆಸಿರುತ್ತಾರೆ. ಸೀಸ, ಪಾದರಸದಂಥ ಲೋಹಗಳೂ ಪರೀಕ್ಷೆಗಳಲ್ಲಿ ಕಂಡುಬಂದಿವೆ. ಅದಕ್ಕೇ ಮೊದಲು ಗುಣ ಕಂಡಂತಾಗಿ ಆಮೇಲೆ ಮೂತ್ರಪಿಂಡ, ಯಕೃತ್ತು ಹಾಳಾಗುತ್ತವೆ. ಯಾವ ಪದ್ಧತಿಯ ಚಿಕಿತ್ಸೆಯಾದರೂ ಸರಿ, ಕೊಡುವವರು ಓದಿ ನೋಂದಣಿ ಮಾಡಿಸಿದ ವೈದ್ಯರಾಗಿರಲಿ. ಪೊಟ್ಟಣದ ಮೇಲೆ ಹೆಸರು, ತಯಾರಾದ ತಾರೀಕು ಇರಲಿ.

ಚಿಕಿತ್ಸೆ ಹೇಗೆ?

ಚಿಕಿತ್ಸೆ ಮೆಟ್ಟಿಲು ಹತ್ತಿದ ಹಾಗೆ. ಎಲ್ಲರಿಗೂ ಎಲ್ಲವೂ ಬೇಡ. ನಿಮ್ಮ ಬೆರಳು ಸೇರಿದ ಒಂದು ಅಂಗೈ ಅಗಲ ಎಂದರೆ ಮೈಯ ಸುಮಾರು 100ರಲ್ಲಿ 1 ಭಾಗ. ಹತ್ತು ಅಂಗೈಗಿಂತ ಕಡಿಮೆ ಇದ್ದರೆ ಹೆಚ್ಚಿನವರಿಗೆ ಹಚ್ಚುವ ಔಷಧಿಯೇ ಸಾಕು. ಮುಖ, ಅಂಗೈ, ಅಂಗಾಲು, ಗುಪ್ತಾಂಗದಲ್ಲಿ ಬಂದಿದ್ದರೆ ಅಥವಾ ಕೀಲುನೋವು ಇದ್ದರೆ ಲೆಕ್ಕ ಬೇರೆ.

ಮೊದಲ ಮೆಟ್ಟಿಲು, ಹಚ್ಚುವ ಔಷಧಿ. ಹೊಟ್ಟು ಕರಗಿಸಲು ಸ್ಯಾಲಿಸಿಲಿಕ್ ಆಮ್ಲ, ಕಲ್ಲಿದ್ದಲಿನ ಟಾರಿನಿಂದ ಮಾಡಿದ ಮುಲಾಮು ಮತ್ತು ಶಾಂಪೂ, ಮಿತವಾದ ಸ್ಟೀರಾಯ್ಡ್, ವಿಟಮಿನ್ 'ಡಿ' ಜಾತಿಯ ಕ್ಯಾಲ್ಸಿಪೊಟ್ರಿಯಾಲ್. ಎಷ್ಟು ಹಚ್ಚಬೇಕು ಎಂಬುದಕ್ಕೆ ಸುಲಭ ಅಳತೆ ಇದೆ. ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಹಿಂಡಿದರೆ ಅರ್ಧ ಗ್ರಾಂ. ಅಷ್ಟು ಮುಲಾಮು ಎರಡು ಅಂಗೈ ಅಗಲಕ್ಕೆ ಸಾಕು.

ಎರಡನೆಯದು, ಬೆಳಕಿನ ಚಿಕಿತ್ಸೆ. ಸೂರ್ಯನ ಬೆಳಕಿನಲ್ಲಿರುವ ಅತಿನೇರಳೆ ಕಿರಣಗಳಲ್ಲಿ ಬೇಕಾದಷ್ಟನ್ನೇ ಆರಿಸಿ ಯಂತ್ರದ ಮೂಲಕ ಕೊಡುತ್ತಾರೆ. ವಾರಕ್ಕೆ ಎರಡು ಮೂರು ಸಲ, ಒಟ್ಟು 20ರಿಂದ 30 ಸಲ ಬರಬೇಕಾಗುತ್ತದೆ. ಗರ್ಭಿಣಿಯರಿಗೂ ಕೊಡಬಹುದಾದ ಚಿಕಿತ್ಸೆ ಇದು. ನಮ್ಮ ಹಿರಿಯರು ಬಾವಂಚಿ ಬೀಜ ಅರೆದು ಹಚ್ಚಿ ಬಿಸಿಲಿಗೆ ಒಡ್ಡುತ್ತಿದ್ದರು. ಆ ಬೀಜದಲ್ಲಿರುವ ಸೊರಾಲೆನ್ ಎಂಬ ಅಂಶದಂಥದ್ದನ್ನೇ ಅಳತೆ ಮಾಡಿ ಕೊಟ್ಟು, ಕಿರಣ ಹಾಯಿಸುವ ಪದ್ಧತಿ 1970ರ ದಶಕದಲ್ಲಿ ಬಂತು. ಮನೆಯಲ್ಲಿ ಮಾತ್ರ ಈ ಪ್ರಯೋಗ ಮಾಡಬೇಡಿ. ಅಳತೆ ತಪ್ಪಿದರೆ ಬೊಬ್ಬೆ ಎದ್ದು ಸುಟ್ಟಗಾಯ ಆಗುತ್ತದೆ. ಸ್ವಲ್ಪ ಹೊತ್ತಿನ ಸಾದಾ ಬಿಸಿಲು ಹೆಚ್ಚಿನವರಿಗೆ ಒಳ್ಳೆಯದು, ಚರ್ಮ ಉರಿಯುವಷ್ಟು ಬೇಡ.

ಮೂರನೆಯದು, ಮಾತ್ರೆ. ಮುಖ್ಯವಾದುದು ಮೆಥೊಟ್ರೆಕ್ಸೇಟ್. ಆಂಧ್ರದಲ್ಲಿ ಹುಟ್ಟಿ ಅಮೆರಿಕದಲ್ಲಿ ಸಂಶೋಧನೆ ಮಾಡಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ 1940ರ ದಶಕದಲ್ಲಿ ಹುಡುಕಿಕೊಟ್ಟ ಔಷಧಿ ಇದು. ಅಗ್ಗವೂ ಹೌದು, ಚರ್ಮ ಮತ್ತು ಕೀಲು ಎರಡಕ್ಕೂ ಆಗುತ್ತದೆ. ಆದರೆ ಒಂದು ಎಚ್ಚರಿಕೆ: ಇದು ವಾರಕ್ಕೆ ಒಂದೇ ದಿನ ನುಂಗುವ ಮಾತ್ರೆ. ಸೋಮವಾರ ಎಂದಿದ್ದರೆ ಸೋಮವಾರ ಮಾತ್ರ. ಮರೆತು ದಿನವೂ ನುಂಗಿದರೆ ಬಾಯಿ ಹುಣ್ಣಾಗಿ, ರಕ್ತದ ಕಣಗಳು ಕುಸಿದು ಪ್ರಾಣ ಹೋಗಬಹುದು. ಗೋಡೆಯ ಕ್ಯಾಲೆಂಡರಿನಲ್ಲಿ ಆ ವಾರಕ್ಕೆ ಗುರುತು ಹಾಕಿಕೊಳ್ಳಿ. ಓದಲು ಬಾರದ ಅಜ್ಜ ಅಜ್ಜಿಯರಿಗೆ ಮನೆಯ ಒಬ್ಬರು ಕೈಯಾರೆ ಕೊಡಿ. ಜೊತೆಗೆ ಬರೆದುಕೊಟ್ಟ ಫೋಲಿಕ್ ಆಮ್ಲದ ಮಾತ್ರೆ ತಪ್ಪಿಸಬೇಡಿ. ಹೇಳಿದ ದಿನಕ್ಕೆ ರಕ್ತ ಪರೀಕ್ಷೆ ಮಾಡಿಸಿ. ಇದನ್ನು ನುಂಗುವಾಗ ಮದ್ಯ ಮುಟ್ಟಲೇಬಾರದು. ಗರ್ಭಿಣಿಯರು, ಗರ್ಭಿಣಿಯಾಗಬೇಕೆಂದಿರುವವರು ಇದನ್ನು ತೆಗೆದುಕೊಳ್ಳಬಾರದು. ಮಗು ಬೇಕೆನ್ನುವ ಗಂಡಸರೂ ಮೊದಲೇ ತಿಳಿಸಬೇಕು. ಅಸಿಟ್ರೆಟಿನ್ ಎಂಬ ಇನ್ನೊಂದು ಮಾತ್ರೆ ಇದೆ. ಅದನ್ನು ನಿಲ್ಲಿಸಿದ ಮೇಲೂ 3 ವರ್ಷ ಗರ್ಭ ಧರಿಸಬಾರದು, ಆದ್ದರಿಂದ ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಸೈಕ್ಲೋಸ್ಪೋರಿನ್, ಅಪ್ರೆಮಿಲಾಸ್ಟ್ ಮಾತ್ರೆಗಳೂ ಇವೆ.

ನಾಲ್ಕನೆಯದು, ಬಯೋಲಾಜಿಕ್ ಎಂದು ಕರೆಯುವ ಇಂಜೆಕ್ಷನ್‌ಗಳು. ದಾರಿ ತಪ್ಪಿದ ಕಾವಲು ಕೋಶಗಳು ಒಂದಕ್ಕೊಂದು ಕಳಿಸುವ ಸಂದೇಶವನ್ನೇ ಇವು ತಡೆಯುತ್ತವೆ. 2013ರಲ್ಲಿ ಬೆಂಗಳೂರಿನ ಬಯೋಕಾನ್ ಸಂಸ್ಥೆ ಇಟೊಲಿಜುಮ್ಯಾಬ್ ಎಂಬ ಇಂಥ ಒಂದು ಇಂಜೆಕ್ಷನ್ ಅನ್ನು ಸೋರಿಯಾಸಿಸ್‌ಗಾಗಿ ಹೊರತಂದಿತು. ಬೇರೆಯವೂ ಹಲವು ಬಂದಿವೆ. ಕೆಲವರಲ್ಲಿ ಚರ್ಮ ಪೂರ್ತಿ ತಿಳಿಯಾಗುತ್ತದೆ. ಆದರೆ ಬೆಲೆ ಹೆಚ್ಚು, ಕೊಡುವ ಮೊದಲು ಕ್ಷಯದ ಪರೀಕ್ಷೆ ಆಗಲೇಬೇಕು. ತೀವ್ರ ರೋಗವಿದ್ದು ಉಳಿದ ಚಿಕಿತ್ಸೆಗೆ ಬಗ್ಗದವರಿಗೆ ಇವು.

ಮಚ್ಚೆ ಇಳಿದ ಜಾಗದಲ್ಲಿ ಬಿಳಿ ಅಥವಾ ಕಪ್ಪು ಗುರುತು ಉಳಿಯಬಹುದು. ತೊನ್ನು ಬಂತು ಎಂದು ಹೆದರಬೇಡಿ. ಕೆಲವು ತಿಂಗಳಲ್ಲಿ ತಾನಾಗಿ ಮಾಸುತ್ತದೆ.

ದಿನನಿತ್ಯದ ಆರೈಕೆ

ಸುಡುವ ನೀರು ಬೇಡ, ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷದ ಸ್ನಾನ ಸಾಕು. ನಾರು, ಕಲ್ಲು, ಬ್ರಷ್ಷಿನಿಂದ ತಿಕ್ಕಬೇಡಿ. ಒರಟು ಸಾಬೂನು ಬಿಡಿ. ಟವೆಲ್ಲಿನಿಂದ ಉಜ್ಜದೆ ಒತ್ತಿ ಒರೆಸಿ, ಮೈ ಇನ್ನೂ ಹಸಿ ಇರುವಾಗಲೇ ಕೊಬ್ಬರಿ ಎಣ್ಣೆ, ಪೆಟ್ರೋಲಿಯಂ ಜೆಲ್ಲಿ ಅಥವಾ ವೈದ್ಯರು ಹೇಳಿದ ಕ್ರೀಮನ್ನು ತೆಳ್ಳಗೆ ಹಚ್ಚಿ. ದಿನಕ್ಕೆ ಎರಡು ಸಲವಾದರೂ ಹಚ್ಚಬೇಕು. ಮಚ್ಚೆ ಇಳಿದ ಮೇಲೂ ಇದನ್ನು ಬಿಡಬಾರದು. ಜಿಡ್ಡು ಹತ್ತಿದ ಬಟ್ಟೆಗೆ ಬೆಂಕಿ ಬೇಗ ಹಿಡಿಯುತ್ತದೆ. ಒಲೆಯ ಮುಂದೆ ಕೂರುವ ತಾಯಂದಿರು, ಬೀಡಿ ಹಚ್ಚುವವರು ಈ ಬಗ್ಗೆ ಎಚ್ಚರವಾಗಿರಬೇಕು.

ಉಗುರು ಚಿಕ್ಕದಾಗಿ ಕತ್ತರಿಸಿ. ಹತ್ತಿಯ ಸಡಿಲ ಬಟ್ಟೆ ತೊಡಿ. ಬರಿಗಾಲಲ್ಲಿ ತಿರುಗಬೇಡಿ. ಸಿಮೆಂಟು, ಸೋಪಿನ ಪುಡಿ ಮುಟ್ಟುವಾಗ ಕೈಗವಸು ಹಾಕಿಕೊಳ್ಳಿ.

ಊಟದ ಬಗ್ಗೆ ಎಲ್ಲರೂ ಕೇಳುತ್ತಾರೆ. ಬದನೆಕಾಯಿ ನಂಜು, ಮೊಸರು ನಂಜು, ಹುಳಿ ನಂಜು ಎಂದು ಒಂದೊಂದೇ ಬಿಡುತ್ತಾ ಕೊನೆಗೆ ಬರೀ ಗಂಜಿಗೆ ಬಂದು ನಿಂತವರಿದ್ದಾರೆ. ಎಲ್ಲ ಸೋರಿಯಾಸಿಸ್ ರೋಗಿಗಳೂ ಬಿಡಲೇಬೇಕಾದ ಕಾಯಿಪಲ್ಯ ಯಾವುದೂ ಇಲ್ಲ. ನಿಮಗೆ ಒಂದು ಪದಾರ್ಥ ತಿಂದಾಗಲೆಲ್ಲ ಹೆಚ್ಚಾಗುತ್ತಿದ್ದರೆ ಅದನ್ನಷ್ಟೇ ಬಿಡಿ. ರೊಟ್ಟಿ, ಮುದ್ದೆ, ಸೊಪ್ಪು, ಬೇಳೆ, ಹಣ್ಣು ಧಾರಾಳವಾಗಿ ತಿನ್ನಿ. ಕರಿದದ್ದು, ಸಿಹಿ ಕಡಿಮೆ ಮಾಡಿ. ಮೈತೂಕ ಹೆಚ್ಚಿದ್ದವರು ತೂಕ ಇಳಿಸಿದರೆ ಔಷಧಿ ಚೆನ್ನಾಗಿ ಹಿಡಿಯುತ್ತದೆ. ಈ ರೋಗ ಇರುವವರಲ್ಲಿ ಸಕ್ಕರೆ ಕಾಯಿಲೆ, ಬಿ.ಪಿ., ಹೃದಯರೋಗ ತುಸು ಹೆಚ್ಚಾಗಿ ಕಾಣುತ್ತವೆ. ಆದ್ದರಿಂದ ವರ್ಷಕ್ಕೊಮ್ಮೆಯಾದರೂ ಅವನ್ನು ಪರೀಕ್ಷಿಸಿಕೊಳ್ಳಿ.

ಸಭಿಕರ ಪ್ರಶ್ನೆಗಳು

ನಮ್ಮ ಮಗಳಿಗೆ ಸೋರಿಯಾಸಿಸ್ ಇದೆ. ಮದುವೆ ಮಾಡಬಹುದೇ ಡಾಕ್ಟ್ರೇ?

ಧಾರಾಳವಾಗಿ ಮಾಡಿ ತಾಯಿ. ಸಂಸಾರಕ್ಕೆ, ಮಕ್ಕಳಾಗುವುದಕ್ಕೆ ಈ ರೋಗ ಅಡ್ಡಿಯಲ್ಲ. ಬಸಿರಿನಲ್ಲಿ ಅನೇಕರಿಗೆ ಕಡಿಮೆಯೇ ಆಗುತ್ತದೆ, ಬಾಣಂತನದಲ್ಲಿ ಮತ್ತೆ ಕಾಣಬಹುದು. ತಾಯಿಗಿದ್ದರೆ ಮಗುವಿಗೆ ಬಂದೇ ಬರುತ್ತದೆ ಎಂದೇನಿಲ್ಲ. ತಂದೆತಾಯಿಯರಲ್ಲಿ ಒಬ್ಬರಿಗಿದ್ದರೆ ಹೆಚ್ಚಿನ ಮಕ್ಕಳಿಗೆ ಬರುವುದಿಲ್ಲ. ಆದರೆ ಮುಚ್ಚಿಟ್ಟು ಮದುವೆ ಮಾಡಬೇಡಿ. ಬೀಗರಾಗುವವರನ್ನು ಇಲ್ಲಿಗೆ ಕರೆದುಕೊಂಡು ಬನ್ನಿ, ನಾವೇ ಅವರಿಗೆ ತಿಳಿಸಿ ಹೇಳುತ್ತೇವೆ.

ನಾನು ಹೋಟೆಲಿನಲ್ಲಿ ಅಡುಗೆ ಕೆಲಸ ಮಾಡುತ್ತೇನೆ. ಬಿಡಬೇಕೇ?

ಬಿಡಬೇಕಾಗಿಲ್ಲ. ಅನ್ನದ ಮೂಲಕ ಇದು ಯಾರಿಗೂ ಹೋಗುವುದಿಲ್ಲ. ಹೊಟ್ಟು ಬೀಳದಂತೆ ತುಂಬುತೋಳಿನ ಅಂಗಿ, ತಲೆಗೆ ಟೋಪಿ ಹಾಕಿಕೊಳ್ಳಿ. ಮಾಲೀಕರು ಕೇಳಿದರೆ ಅಂಟುರೋಗವಲ್ಲ ಎಂದು ವೈದ್ಯರ ಪತ್ರ ಕೊಡಿಸಿಕೊಳ್ಳಿ.

ಕ್ಷೌರದ ಅಂಗಡಿಯಲ್ಲಿ ಕೂದಲು ತೆಗೆಯಲು ಹಿಂಜರಿಯುತ್ತಾರೆ.

ಅವರಿಗೂ ತಿಳಿದಿರುವುದಿಲ್ಲ. ಈ ಕಿರುಹೊತ್ತಿಗೆಯನ್ನು ಅವರಿಗೂ ಒಂದು ಕೊಡಿ. ಬ್ಲೇಡಿನ ಬದಲು ಕತ್ತರಿ, ಟ್ರಿಮ್ಮರ್ ಬಳಸಲು ಹೇಳಿ. ತರಚಿದರೆ ಅಲ್ಲಿ ಹೊಸ ಮಚ್ಚೆ ಏಳಬಹುದು.

ಮೈ ಪೂರ್ತಿ ತಿಳಿಯಾಯಿತು. ಔಷಧಿ ನಿಲ್ಲಿಸಲೇ?

ನೀವಾಗಿ ನಿಲ್ಲಿಸಬೇಡಿ. ಬೆಂಕಿ ಆರಿದಂತೆ ಕಂಡರೂ ಬೂದಿಯ ಕೆಳಗೆ ಕೆಂಡವಿರುತ್ತದೆ. ಕೆಲವನ್ನು ನಿಧಾನವಾಗಿ ಇಳಿಸಬೇಕು, ಕೆಲವನ್ನು ನಿಲ್ಲಿಸಬಹುದು. ಅದನ್ನು ವೈದ್ಯರು ನೋಡಿ ಹೇಳುತ್ತಾರೆ.

ತಡಮಾಡದೆ ಆಸ್ಪತ್ರೆಗೆ ಬರಬೇಕಾದ ಲಕ್ಷಣಗಳು

ಮೈಯೆಲ್ಲ ಕೆಂಪಾಗಿ ಸುಲಿಯುವುದು, ಚಳಿಜ್ವರ, ಮೈತುಂಬ ಕೀವುಗುಳ್ಳೆ, ಒಂದು ಕೀಲು ಅಥವಾ ಬೆರಳು ಥಟ್ಟನೆ ಊದುವುದು; ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರಿಗೆ ಬಾಯಿಹುಣ್ಣು, ಜ್ವರ, ಒಣಕೆಮ್ಮು, ಉಸಿರುಕಟ್ಟುವುದು, ಕಣ್ಣು ಹಳದಿಯಾಗುವುದು. ಇವುಗಳಲ್ಲಿ ಯಾವುದಾದರೂ ಒಂದು ಕಂಡರೂ ಮುಂದಿನ ಶಿಬಿರಕ್ಕೆ ಕಾಯದೆ ಅಂದೇ ಬನ್ನಿ.

ಮನೆಯವರಿಗೆ ಒಂದು ವಿನಂತಿ

ಬೇಸರ, ನಿದ್ದೆಗೆಡುವುದು, ಬದುಕೇ ಬೇಡ ಎನಿಸುವುದು ಈ ರೋಗಿಗಳಲ್ಲಿ ಕಡಿಮೆಯೇನಲ್ಲ. ಅಂಥ ಮಾತು ಬಾಯಿಂದ ಬಂದರೆ ಬೈದು ಸುಮ್ಮನಾಗಿಸಬೇಡಿ, ಕೂತು ಕೇಳಿ, ನಮ್ಮ ಬಳಿ ಕರೆತನ್ನಿ. 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಫೋನು ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಇನ್ನೊಂದು ಸಣ್ಣ ಮಾತು. ಸೋರಿಯಾಸಿಸ್ ಬೆನ್ನಿನ ಮೇಲೂ ಬರುತ್ತದೆ. ತನ್ನ ಬೆನ್ನಿಗೆ ತಾನೇ ಮುಲಾಮು ಹಚ್ಚಿಕೊಳ್ಳಲು ಯಾರಿಂದಲೂ ಆಗುವುದಿಲ್ಲ. 'ಬೆನ್ನಿಗೆ ಹಚ್ಚುತ್ತಿದ್ದೀರಾ?' ಎಂದು ನಾವು ಕೇಳಿದಾಗ ಎಷ್ಟೋ ರೋಗಿಗಳು ತಲೆ ತಗ್ಗಿಸುತ್ತಾರೆ. ಹಚ್ಚಿಕೊಡಿ ಎಂದು ಕೇಳಲು ಅವರಿಗೆ ನಾಚಿಕೆ, ಹಚ್ಚಲು ಮನೆಯವರಿಗೆ ಅಂಜಿಕೆ. ಅಂಟುವುದಿಲ್ಲ ಎಂಬುದು ಈಗ ನಿಮಗೆ ಗೊತ್ತಾಗಿದೆ. ಇವತ್ತು ರಾತ್ರಿ ಊಟವಾದ ಮೇಲೆ ಅವರು ಕೇಳುವ ಮೊದಲೇ ಟ್ಯೂಬು ಕೈಗೆ ತೆಗೆದುಕೊಂಡು, ಬೆನ್ನು ತಿರುಗಿಸಿ ಕೂರಿ ಎಂದು ಹೇಳಿ. ನಿಮ್ಮ ಕೈಯಿಂದ ಹಚ್ಚಿ, ಆಮೇಲೆ ಎಂದಿನಂತೆ ಕೈ ತೊಳೆದುಕೊಂಡರೆ ಆಯಿತು.

 ಹೊರಗೆ ತಪಾಸಣೆಯ ಚೀಟಿ ಕೊಡುತ್ತಿದ್ದಾರೆ. ಹಳೆಯ ಚೀಟಿ, ನೀವು ಈಗ ಹಚ್ಚುತ್ತಿರುವ, ನುಂಗುತ್ತಿರುವ ಎಲ್ಲ ಔಷಧಿಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಒಳಗೆ ಬನ್ನಿ.